ದಿನಾ ಒಂದು ನೋವಿನ ಮಾತ್ರೆ ನುಂಗಿದರೆ ಡಿಮೆನ್ಶಿಯಾ ಬರಲ್ವಾ?

ಪ್ರಶ್ನೆ: ಡಿಮೆನ್ಶಿಯಾಗೆ ಮೆದುಳಿನ ಉರಿಯೂತ ಕಾರಣ ಅಂತ ಓದಿದೆ. ಹಾಗಾದರೆ ಉರಿಯೂತ ಇಳಿಸುವ ಮಾತ್ರೆಯನ್ನು ಈಗಿನಿಂದಲೇ ದಿನಾ ತಗೊಂಡರೆ ಸಾಕಲ್ವಾ?

ಸಾಕಾಗಲ್ಲ. ಇದೇ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ, ಎಣಿಸುವುದನ್ನೇ ಬಿಟ್ಟಿದ್ದೇನೆ.

ಅರ್ಧ ಗೊಂದಲ ಪದದಲ್ಲೇ ಇದೆ. ‘ಉರಿ’, ‘ಊತ’ ಎರಡೂ ಕಿವಿಗೆ ಬೀಳುವುದರಿಂದ, ಉಳುಕಿದ ಪಾದದ ಹಾಗೆ ಮೆದುಳೂ ಊದಿಕೊಂಡಿದೆ ಅಂತ ಜನ ಅಂದುಕೊಳ್ಳುತ್ತಾರೆ. ಡಿಮೆನ್ಶಿಯಾಗೆ ಅತಿ ಸಾಮಾನ್ಯ ಕಾರಣವಾದ ಆಲ್ಝೈಮರ್ ಕಾಯಿಲೆಯಲ್ಲಿ ಮೆದುಳು ಊದುವುದಿಲ್ಲ, ಕುಗ್ಗುತ್ತದೆ. ಇಲ್ಲಿ ಉರಿಯೂತ ಅಂದರೆ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಕೆರಳಿರುವುದು. ಮೆದುಳಿನ ಕಸ ಗುಡಿಸುವವೂ ಅವೇ. ಅಮೈಲಾಯ್ಡ್ ಎಂಬ ಪ್ರೋಟೀನ್ ಕಸವಾಗಿ ಗಡ್ಡೆಕಟ್ಟಿದಾಗ ಸುತ್ತ ಮುತ್ತಿಕೊಂಡು ನುಂಗಲು ನೋಡುತ್ತವೆ. ವರ್ಷಗಟ್ಟಲೆ ಕಸ ಮುಗಿಯದೇ ಹೋದರೆ ಕೆರಳಿದವು ತಣ್ಣಗಾಗುವುದೇ ಇಲ್ಲ. ಆಗ ನರಕೋಶಗಳ ನಡುವಿನ ಕೊಂಡಿಗಳಿಗೂ ಕೈಹಾಕುತ್ತವೆ.

ಈಗ ಮಾತ್ರೆಯ ಕಥೆ. ಇದು ಸುಮ್ನೆ ಹುಟ್ಟಿದ್ದಲ್ಲ. ರುಮಟಾಯ್ಡ್ ಸಂಧಿವಾತಕ್ಕೆ ವರ್ಷಾನುಗಟ್ಟಲೆ ಔಷಧಿ ತಗೊಂಡವರಲ್ಲಿ ಆಲ್ಝೈಮರ್ ಕಡಿಮೆ ಅಂತ 1990ರ ದಶಕದಲ್ಲಿ ಕಂಡಿತ್ತು. ಆಸೆ ಹುಟ್ಟುವುದು ಸಹಜವೇ. ಆದರೆ ಮರೆವು ಶುರುವಾದವರು ನೋವು ಹೇಳಿಕೊಳ್ಳುವುದೂ ಕಡಿಮೆ, ಮಾತ್ರೆ ನೆನಪಿಟ್ಟು ನುಂಗುವುದೂ ಕಡಿಮೆ ಅಲ್ವಾ? ಹಾಗಾಗಿ ಮಾತ್ರೆಯಿಂದ ಕಾಯಿಲೆ ತಪ್ಪಿತೋ, ಕಾಯಿಲೆಯಿಂದ ಮಾತ್ರೆ ತಪ್ಪಿತೋ ಹೇಳಲಾಗದು. ಅದಕ್ಕೇ ನೇರ ಪರೀಕ್ಷೆ ಬೇಕಾಯಿತು.

ಅಮೆರಿಕದಲ್ಲಿ ‘ಅಡಾಪ್ಟ್’ ಅಂತ ಒಂದು ಪರೀಕ್ಷೆ ನಡೆಯಿತು. 70 ದಾಟಿದ, ಮನೆಯಲ್ಲಿ ಆಲ್ಝೈಮರ್ ಕಂಡಿದ್ದ ಸುಮಾರು 2,500 ಜನ. ಕೆಲವರಿಗೆ ನ್ಯಾಪ್ರೊಕ್ಸೆನ್, ಕೆಲವರಿಗೆ ಸೆಲೆಕಾಕ್ಸಿಬ್ (ಎರಡೂ ಉರಿಯೂತ ಇಳಿಸುವ ನೋವಿನ ಮಾತ್ರೆಗಳೇ), ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ. ಹೃದಯಕ್ಕೆ ಅಪಾಯ ಆಗಬಹುದೆಂಬ ಆತಂಕದಿಂದ 2004ರ ಡಿಸೆಂಬರ್‌ನಲ್ಲಿ ಮಾತ್ರೆ ನಿಲ್ಲಿಸಿದರು. ಕಾಯಿಲೆಯಂತೂ ಕಡಿಮೆಯಾಗಲಿಲ್ಲ. ರೋಫೆಕಾಕ್ಸಿಬ್ ಎಂಬ ಇಂಥದ್ದೇ ಮಾತ್ರೆ ಕೊಟ್ಟು ನೋಡಿದ ಇನ್ನೊಂದು ಪರೀಕ್ಷೆಯಲ್ಲಿ, ಆಲ್ಝೈಮರ್‌ಗೆ ತಿರುಗಿದವರು ಮಾತ್ರೆ ತಗೊಂಡ ಗುಂಪಿನಲ್ಲೇ ಜಾಸ್ತಿ! ‘ಆಸ್ಪಿರಿನ್ ಆದರೆ ಪರವಾಗಿಲ್ವಾ’ ಅನ್ನುವವರಿಗೆ: ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಹಿರಿಯರ ಮೇಲೆ ಅದೂ ಆಗಿದೆ. ದಿನಾ 100 ಮಿಲಿಗ್ರಾಂ. ಡಿಮೆನ್ಶಿಯಾ ತಗ್ಗಲಿಲ್ಲ, ರಕ್ತಸ್ರಾವ ಹೆಚ್ಚಿತು. (ಹೃದಯಕ್ಕೆಂದು ಡಾಕ್ಟರು ಬರೆದುಕೊಟ್ಟಿದ್ದರೆ ಇದನ್ನೋದಿ ನಿಲ್ಲಿಸಬೇಡಿ, ದಯವಿಟ್ಟು.)

ಇಷ್ಟಾದರೂ ‘ಉರಿಯೂತ ಅಡಗಿಸಿದರೆ ಒಳ್ಳೆಯದೇ ತಾನೇ’ ಅನ್ನುವವರು ಟ್ರೆಮ್2 ಜೀನನ್ನು ನೋಡಬೇಕು. ಮೈಕ್ರೋಗ್ಲಿಯಾಗಳು ಕಸ ಗುರುತಿಸಿ ಮುತ್ತಿಕೊಳ್ಳಲು ಬೇಕಾದ ಜೀನ್ ಅದು. ಅದರ ಒಂದು ದುರ್ಬಲ ರೂಪ ಇದ್ದವರಿಗೆ ಆಲ್ಝೈಮರ್ ಅಪಾಯ ಎರಡರಿಂದ ನಾಲ್ಕು ಪಟ್ಟು ಹೆಚ್ಚು ಅಂತ 2012ರಲ್ಲಿ ಗೊತ್ತಾಯಿತು. ಕಾವಲುಗಾರ ಸುಮ್ಮನಾದರೆ ಸಾಕು ಅನ್ನುವುದಾದರೆ ಇವರೇ ಎಲ್ಲರಿಗಿಂತ ಸುರಕ್ಷಿತವಾಗಿ ಇರಬೇಕಿತ್ತು.

ಹಾಗಾದರೆ ಕಾವಲುಗಾರನನ್ನು ತಟ್ಟಿ ಎಬ್ಬಿಸಿದರೆ? ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. 2013ರಲ್ಲಿ ವೇಲ್ಸ್‌ನಲ್ಲಿ ಹಿರಿಯರಿಗೆ ಸರ್ಪಸುತ್ತಿನ ಲಸಿಕೆ ಶುರುವಾಯಿತು. 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ. ಒಂದು ದಿನ ಮೊದಲು ಹುಟ್ಟಿದ್ದರೂ ಇಲ್ಲ. ಹುಟ್ಟಿದ ದಿನ ಬಿಟ್ಟರೆ ಬೇರೆ ವ್ಯತ್ಯಾಸವಿಲ್ಲದ ಎರಡು ಗುಂಪು ತಾನಾಗಿಯೇ ಸಿಕ್ಕಿತು. ಏಳು ವರ್ಷ ನೋಡಿದಾಗ, ಲಸಿಕೆ ಪಡೆದವರಲ್ಲಿ ಡಿಮೆನ್ಶಿಯಾ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ಹೆಂಗಸರಲ್ಲಿ ಈ ಲಾಭ ಇನ್ನೂ ಜಾಸ್ತಿ. ನರಗಳಲ್ಲಿ ಅಡಗಿದ ವೈರಸ್ ಏಳದಂತೆ ತಡೆದದ್ದಕ್ಕೋ, ರೋಗನಿರೋಧಕ ವ್ಯವಸ್ಥೆಯೇ ಪಳಗಿದ್ದಕ್ಕೋ ಎಂಬ ಚರ್ಚೆ ನಡೆಯುತ್ತಿದೆ. ಆ ಲಸಿಕೆ ಇರುವುದು ಸರ್ಪಸುತ್ತು ತಡೆಯಲು, ಅದನ್ನು ಮರೆಯಬೇಡಿ. ಆದರೂ ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ನೋವಿನ ಮಾತ್ರೆಯ ಬದಲು ಸರ್ಪಸುತ್ತಿನ ಲಸಿಕೆಯ ಬಗ್ಗೆ ಕೇಳಿ.