ಚಿವುಟಿದರೂ ತಿಳಿಯದ ಕಾಲಿನಲ್ಲಿ ಉರಿ ಎಲ್ಲಿಂದ?

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಕೊನೆಗಾರರೊಬ್ಬರಿದ್ದಾರೆ. ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವರು ಜಾರಿ ಬಿದ್ದರು. ಬೆನ್ನುಹುರಿಗೆ ಪೆಟ್ಟಾಯಿತು. ಈಗ ಕಾಲು ಚಿವುಟಿದರೂ ಗೊತ್ತಾಗುವುದಿಲ್ಲ. ಆದರೆ ರಾತ್ರಿಯಾದರೆ ಅದೇ ಕಾಲು ಕೆಂಡದ ಮೇಲಿಟ್ಟ ಹಾಗೆ ಉರಿಯುತ್ತದೆ. ಹೆಂಡತಿ ಒದ್ದೆ ಬಟ್ಟೆ ಸುತ್ತುತ್ತಾರೆ. ಬಟ್ಟೆಯ ತಂಪು ತಿಳಿಯುವುದಿಲ್ಲ, ಉರಿ ಮಾತ್ರ ತಿಳಿಯುತ್ತದೆ. 'ಸುಮ್ನೆ ಹಾಗನ್ನಿಸುತ್ತೆ' ಅಂದವರೂ ಇದ್ದಾರೆ. ಆ ಮಾತು ತಪ್ಪು. ಹುರಿಗೆ ಪೆಟ್ಟಾದ ಮೇಲೆ ಅಲ್ಲಿನ ನರಗಳೂ ಮಿದುಳೂ ತಾವಾಗಿಯೇ ನೋವು ಹುಟ್ಟಿಸಬಲ್ಲವು. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮಾತ್ರೆಗಳಿಂದ ಕೆಲವರಿಗಷ್ಟೇ ಆರಾಮ.

ಹಾಗಾದರೆ ಮಿದುಳನ್ನೇ ಹಿಡಿದು ಸರಿಮಾಡಬಹುದಾ? 1991ರಲ್ಲಿ ಜಪಾನಿನ ವೈದ್ಯ ಸುಬೊಕಾವಾ ಪಾರ್ಶ್ವವಾಯುವಿನ ನಂತರದ ಇಂಥದೇ ನೋವಿಗೆ ತಲೆಬುರುಡೆ ಕೊರೆದು ಎಲೆಕ್ಟ್ರೋಡ್ ಇಟ್ಟರು. ಇಟ್ಟದ್ದು ಕೈಕಾಲು ಆಡಿಸುವ ಭಾಗದ ಮೇಲೆ. ಆಶ್ಚರ್ಯ ಅಲ್ವಾ? ಆದರೂ ನೋವು ಕಡಿಮೆಯಾಯಿತು. ಕೊರೆಯದೆಯೇ ಆ ಭಾಗವನ್ನು ತಲುಪುವ ದಾರಿಯೂ ಆಗಲೇ ತೆರೆದಿತ್ತು. 1985ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಬಾರ್ಕರ್ ತಲೆಯ ಹೊರಗಿಟ್ಟ ತಂತಿಸುರುಳಿಯ ಅಯಸ್ಕಾಂತ ಶಕ್ತಿಯಿಂದ ಮಿದುಳನ್ನು ಕೆಣಕಿದ್ದರು. 2000ದಲ್ಲಿ ಜರ್ಮನಿಯ ನಿಟ್ಶೆ ಮತ್ತು ಪೌಲುಸ್ ಒದ್ದೆ ಸ್ಪಂಜಿನ ಮೂಲಕ ಸಣ್ಣ ಕರೆಂಟ್ ಹರಿಸಿ ಅದೇ ಭಾಗದ ಚುರುಕು ಬದಲಿಸಿದರು.

2006ರಲ್ಲಿ ಫ್ರೆಗ್ನಿ ಎಂಬ ಸಂಶೋಧಕರ ತಂಡ ಬೆನ್ನುಹುರಿ ಪೆಟ್ಟಿನ ನೋವಿದ್ದ 17 ಜನರಲ್ಲಿ ಈ ಸ್ಪಂಜಿನ ಕರೆಂಟನ್ನು ಪರೀಕ್ಷಿಸಿತು. 2 ಮಿಲಿಆಂಪಿಯರ್, ದಿನಕ್ಕೆ 20 ನಿಮಿಷ, 5 ದಿನ. ಕೆಲವರಿಗೆ ಶುರುವಿನಲ್ಲಿ ಮಾತ್ರ ಕರೆಂಟ್ ಕೊಟ್ಟು ನಿಲ್ಲಿಸಿದರು. ಶುರುವಿನಲ್ಲಿ ಚರ್ಮ ಚುರುಗುಟ್ಟುವುದು ಇಬ್ಬರಿಗೂ ಒಂದೇ ಥರ ಇರುವುದರಿಂದ ಅವರಿಗೆ ವ್ಯತ್ಯಾಸ ತಿಳಿಯದು. ನಿಜವಾದ ಕರೆಂಟ್ ಪಡೆದವರ ನೋವು ಇವರಿಗಿಂತ ಹೆಚ್ಚು ಇಳಿಯಿತು.

ನನ್ನ ಮನಸ್ಸು ನಿಲ್ಲುವುದು 2010ರ ಬಾರ್ಸಿಲೋನಾ ಪ್ರಯೋಗದ ಮೇಲೆ. ಮೇಲೆ ಕನ್ನಡಿ, ಅದರಲ್ಲಿ ರೋಗಿಯ ಸೊಂಟದ ಮೇಲಿನ ಮೈ. ಕೆಳಗೆ ಪರದೆ, ಅದರಲ್ಲಿ ನಡೆಯುವ ಇನ್ಯಾರದೋ ಕಾಲು. ನೋಡಿದರೆ ತಾನೇ ನಡೆದ ಹಾಗೆ. ಬರೀ ಕರೆಂಟ್ ಅಥವಾ ಬರೀ ದೃಶ್ಯಕ್ಕಿಂತ, ಎರಡೂ ಸೇರಿದಾಗ ನೋವು ಜಾಸ್ತಿ ಇಳಿದಿತ್ತು.

ಆದರೆ 2013ರಲ್ಲಿ, ಪೆಟ್ಟು ಬಿದ್ದು ಬಹಳ ವರ್ಷವಾದ 10 ಜನರಲ್ಲಿ ಕರೆಂಟಿನಿಂದ ಗುಣ ಕಾಣಲಿಲ್ಲ. ಒಟ್ಟಾರೆ ಅಧ್ಯಯನಗಳೆಲ್ಲ ಸಣ್ಣವು, ಫಲವೂ ಒಂದೇ ಥರ ಇಲ್ಲ. ಹಾಗಾಗಿ ಇದಕ್ಕಾಗಿ ತೋಟ ಅಡವಿಡಬೇಡಿ. ಮಾತ್ರೆ ಬಿಡಬೇಡಿ. ಮನೆಯಲ್ಲಿ ಬ್ಯಾಟರಿ ಕಟ್ಟಿ ಪ್ರಯೋಗವಂತೂ ಬೇಡವೇ ಬೇಡ. ಫಿಟ್ಸ್ ಇದ್ದವರು, ತಲೆಯೊಳಗೆ ಲೋಹ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು.

ಮೊನ್ನೆ ಆ ಅಣ್ಣನ ಜೊತೆ ಕೂತು ಡಾಕ್ಟರಿಗೆ ತೋರಿಸಲು ಒಂದು ಚೀಟಿ ಬರೆದೆವು: ಉರಿ ಎಷ್ಟು ಹೊತ್ತಿಗೆ, ಯಾವ ಕಾಲು, ಶಾಕ್ ಹೊಡೆದ ಹಾಗಾ, ಇರುವೆ ಹರಿದ ಹಾಗಾ. ಕೊನೆಯ ಸಾಲು ಅವರೇ ಹೇಳಿ ಬರೆಸಿದರು: 'ನೋವು ನಿಜ.'