ಚೀಟಿ ಎತ್ತದ ದೋಣಿ

ಹದಿಮೂರು ಅಡಿ ಉದ್ದದ ದೋಣಿ. ಒಳಗೆ ನಾಲ್ಕು ಜನ. ತಿನ್ನಲು ಎರಡು ಡಬ್ಬಿ ಟರ್ನಿಪ್ ಗಡ್ಡೆ. ಕುಡಿಯುವ ನೀರು ಒಂದು ತೊಟ್ಟೂ ಇಲ್ಲ. ನೆಲ ನೂರಾರು ಮೈಲಿ ಆಚೆ.

1884ರ ಜುಲೈ. ಇಂಗ್ಲೆಂಡಿನಿಂದ ಸಿಡ್ನಿಗೆ ಹೊರಟಿದ್ದ ಮಿನ್ಯನೆಟ್ ಎಂಬ ಹಾಯಿಹಡಗು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿತ್ತು. ದೋಣಿಯಲ್ಲಿ ಉಳಿದವರು ಕ್ಯಾಪ್ಟನ್ ಡಡ್ಲಿ, ಸ್ಟೀಫನ್ಸ್, ಬ್ರೂಕ್ಸ್, ಮತ್ತು ಚಿಲ್ಲರೆ ಕೆಲಸಕ್ಕಿದ್ದ 17 ವರ್ಷದ ಹುಡುಗ ರಿಚರ್ಡ್ ಪಾರ್ಕರ್. ನಾಲ್ಕನೇ ದಿನ ಒಂದು ಆಮೆ ಸಿಕ್ಕಿತು. ಹನ್ನೆರಡನೇ ದಿನಕ್ಕೆ ಅದೂ ಮುಗಿಯಿತು. ಆಮೇಲೆ ಎಂಟು ದಿನ ಹೊಟ್ಟೆಗೆ ಏನೂ ಇಲ್ಲ. ಮಳೆ ಬಂದಾಗ ರೇನ್‌ಕೋಟು ಹಿಡಿದು ನಾಲ್ಕು ಹನಿ ಕೂಡಿಸಿಕೊಳ್ಳುತ್ತಿದ್ದರು. ಹುಡುಗ ತಡೆಯಲಾರದೆ ಸಮುದ್ರದ ನೀರು ಕುಡಿದು ನೆಲಕಚ್ಚಿದ.

ಚೀಟಿ ಎತ್ತೋಣ, ಯಾರ ಹೆಸರು ಬರುತ್ತದೋ ಅವರು ಸಾಯಲಿ ಎಂದ ಡಡ್ಲಿ. ಬ್ರೂಕ್ಸ್ ಒಪ್ಪಲಿಲ್ಲ. ಹುಡುಗನನ್ನು ಯಾರೂ ಕೇಳಲೇ ಇಲ್ಲ. ಇಪ್ಪತ್ತನೇ ದಿನ ಡಡ್ಲಿ, ಸ್ಟೀಫನ್ಸ್ ಒಪ್ಪಿಗೆಯ ಮೇಲೆ, ಹುಡುಗನ ಕುತ್ತಿಗೆಗೆ ಚಾಕು ಹಾಕಿದ. ಮೂವರೂ ತಿಂದರು. ನಾಲ್ಕು ದಿನದ ಮೇಲೆ ಜರ್ಮನ್ ಹಡಗೊಂದು ಅವರನ್ನು ಎತ್ತಿಕೊಂಡಿತು.

ಊರಿಗೆ ಬಂದು ನಡೆದದ್ದನ್ನೆಲ್ಲ ಅವರೇ ಹೇಳಿದರು. ಮುಚ್ಚಿಡುವಂಥದ್ದೇನೂ ಇದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಕಡಲಿನವರ ನಡುವೆ ಇದು ಹಳೇ ವಾಡಿಕೆ. ಜನರ ಕನಿಕರವೂ ಅವರ ಕಡೆಗೇ ಇತ್ತು. ಕೋರ್ಟಿನಲ್ಲಿ ಸತ್ತ ಹುಡುಗನ ಅಣ್ಣನೇ ಬಂದು ಡಡ್ಲಿಯ ಕೈ ಕುಲುಕಿದ!

ಇಂಥ ಕೇಸು ಜ್ಯೂರಿಯ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ, ಕೈಗೆ ಹೋದರೆ ಬಿಡುಗಡೆ ಗ್ಯಾರಂಟಿ, ಅಲ್ವಾ? ನ್ಯಾಯಾಧೀಶ ಹಡಲ್‌ಸ್ಟನ್‌ಗೂ ಅದು ಗೊತ್ತಿತ್ತು. ಅವರು ಒಂದು ಉಪಾಯ ಮಾಡಿದರು. ಏನು ನಡೆಯಿತು ಅನ್ನುವುದನ್ನಷ್ಟೇ ಜ್ಯೂರಿ ಬರೆದುಕೊಡಲಿ, ಅದು ಕೊಲೆಯೋ ಅಲ್ಲವೋ ಎಂಬುದನ್ನು ಲಂಡನ್ನಿನ ಐವರು ನ್ಯಾಯಾಧೀಶರು ಹೇಳಲಿ ಎಂದರು. ನನಗಂತೂ ಇದು ಸ್ವಲ್ಪ ಜಾಸ್ತಿಯೇ ಜಾಣತನ ಅನ್ನಿಸುತ್ತದೆ.

ಡಿಸೆಂಬರ್‌ನಲ್ಲಿ ಆ ಐವರ ಪರವಾಗಿ ಲಾರ್ಡ್ ಕೋಲ್‌ರಿಜ್ ತೀರ್ಪು ಓದಿದರು. ಒಂದು ಜೀವಕ್ಕಿಂತ ಇನ್ನೊಂದು ಹೆಚ್ಚು ಎಂದು ತೂಗುವ ತಕ್ಕಡಿ ಯಾವುದು? ಬಲವೋ, ಬುದ್ಧಿಯೋ? ಅದನ್ನು ಹಿಡಿಯುವವರು ಯಾರು? ಬದುಕುವವನೇ ಹಿಡಿದರೆ ಸಾಯುವವನು ಯಾವಾಗಲೂ ಎಳೆಯವನು, ಬಡಕಲು, ಎದುರಾಡದವನು. ಆ ದೋಣಿಯಲ್ಲಿ ಆದದ್ದೂ ಅದೇ. ನಾವೇ ಮುಟ್ಟಲಾಗದ ಎತ್ತರವನ್ನು ಕಾನೂನಿಗೆ ಇಡಬೇಕಾಗುತ್ತದೆ ಎಂದೂ ಅವರು ಒಪ್ಪಿಕೊಂಡರು. ಡಡ್ಲಿ, ಸ್ಟೀಫನ್ಸ್ ಮಾಡಿದ್ದು ಕೊಲೆಯೇ. ಶಿಕ್ಷೆ: ಮರಣದಂಡನೆ. ರಾಣಿಯ ಹೆಸರಿನಲ್ಲಿ ಅದು ಆರು ತಿಂಗಳ ಜೈಲಾಗಿ ಇಳಿಯಿತು. ತಪ್ಪು ತಪ್ಪೇ ಎಂದು ಕೋರ್ಟು ಹೇಳಿತು, ಕರುಣೆಯನ್ನು ಸರ್ಕಾರಕ್ಕೆ ಬಿಟ್ಟಿತು. ಕಾನೂನು ಓದುವವರ ಜಗಳ ಇವತ್ತಿಗೂ ಇಲ್ಲೇ: ಕ್ಷಮಿಸುವುದು ಖಚಿತ ಎಂದಿದ್ದರೆ ಅಪರಾಧಿ ಎಂದು ಯಾಕೆ ಕರೆಯಬೇಕು?

ಚೀಟಿ ಎತ್ತಿದ್ದರೆ? 1842ರಲ್ಲಿ ಅಮೆರಿಕದ ಒಂದು ಕೋರ್ಟು, ಅಂಥ ಹೊತ್ತಿನಲ್ಲಿ ಚೀಟಿಯೇ ನ್ಯಾಯವಾದ ದಾರಿ ಎಂದಿತ್ತು. ಕೋಲ್‌ರಿಜ್ ಅದಕ್ಕೆ ಸೊಪ್ಪು ಹಾಕಲಿಲ್ಲ.

ನಮ್ಮ ದಂಡ ಸಂಹಿತೆಯ 81ನೇ ಕಲಮಿನಲ್ಲಿ 1860ರಿಂದಲೂ ಉದಾಹರಣೆಯಾಗಿ ಒಬ್ಬ ಕ್ಯಾಪ್ಟನ್ ಇದ್ದ. ಇಪ್ಪತ್ತು ಮೂವತ್ತು ಜನರಿರುವ ದೋಣಿಗೆ ಗುದ್ದುವುದನ್ನು ತಪ್ಪಿಸಲು ಹಡಗು ತಿರುಗಿಸುತ್ತಾನೆ. ಆ ಕಡೆ ಇಬ್ಬರಿರುವ ದೋಣಿಗೆ ಗುದ್ದಬಹುದು ಎಂದು ಗೊತ್ತಿದ್ದೂ. ಅವನು ಅಪರಾಧಿಯಲ್ಲ. ಅವನಿಗೆ ಆ ಇಬ್ಬರನ್ನು ಕೊಲ್ಲುವ ಉದ್ದೇಶವಿರಲಿಲ್ಲ. ಡಡ್ಲಿಗೆ ಹುಡುಗ ಸಾಯಲೇಬೇಕಿತ್ತು.

2000ರಲ್ಲಿ ಇಂಗ್ಲೆಂಡಿಗೆ ಇನ್ನೂ ಕಷ್ಟದ ಕೇಸು ಬಂತು. ದೇಹ ಅಂಟಿಕೊಂಡು ಹುಟ್ಟಿದ ಅವಳಿ ಹೆಣ್ಣುಮಕ್ಕಳು. ಒಂದರ ಹೃದಯದ ಮೇಲೆ ಎರಡೂ ಬದುಕಿದ್ದವು. ಬೇರೆ ಮಾಡಿದರೆ ಒಂದು ಕೂಡಲೇ ಸಾಯುತ್ತದೆ, ಬಿಟ್ಟರೆ ಕೆಲವೇ ತಿಂಗಳಲ್ಲಿ ಎರಡೂ. ಅಪ್ಪ ಅಮ್ಮ ಬೇಡ ಎಂದರು. ಮೂವರು ನ್ಯಾಯಾಧೀಶರು ಆಪರೇಷನ್ನಿಗೆ ಒಪ್ಪಿದರು, ಆದರೆ ಮೂವರ ಕಾರಣವೂ ಬೇರೆ ಬೇರೆ. ಒಬ್ಬರು ಮಿನ್ಯನೆಟ್ ಕಡೆ ತಿರುಗಿ ಹೇಳಿದ್ದು ಇಷ್ಟು: ಇಲ್ಲಿ ಸಾಯುವುದು ಯಾರು ಎಂದು ಯಾರೂ ಆರಿಸಬೇಕಾಗಿಲ್ಲ, ಅದು ಮೊದಲೇ ನಿಕ್ಕಿಯಾಗಿದೆ.

ಸೌತಾಂಪ್ಟನ್‌ನ ಚರ್ಚೊಂದರ ಅಂಗಳದಲ್ಲಿ ಪಾರ್ಕರ್ ನೆನಪಿನ ಕಲ್ಲಿದೆ. ಅದರಲ್ಲಿ ಬೈಬಲ್ಲಿನ ಒಂದು ಸಾಲು ಕೆತ್ತಿದ್ದಾರೆ: ಪ್ರಭುವೇ, ಈ ಪಾಪವನ್ನು ಅವರ ಮೇಲೆ ಹೊರಿಸಬೇಡ.