ಕಾದದ್ದು ಎಂಜಿನ್ನೋ, ತಂತಿಯೋ?

ಅಮೆರಿಕದ ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ಆಗಸ್ಟ್ ತಿಂಗಳಲ್ಲಿ ಹಳೆಯ ಕಾರುಗಳ ದೊಡ್ಡ ಮೆರವಣಿಗೆ ನಡೆಯುತ್ತದೆ. ಬಿಸಿಲಿನಲ್ಲಿ ಆಮೆಯಂತೆ ತೆವಳಿ ಬಂದ ಮಸಲ್ ಕಾರುಗಳು (ದೊಡ್ಡ ಎಂಜಿನ್ನಿನ ಹಳೆಯ ಅಮೆರಿಕನ್ ಕಾರುಗಳು) ಆ ವಾರ ನನ್ನ ವರ್ಕ್‌ಶಾಪಿಗೆ ಹೊತ್ತು ತರುವ ದೂರುಗಳು ಎರಡೇ: ಎಂಜಿನ್ ವಿಪರೀತ ಬಿಸಿಯಾಗಿ ಕಾಯುತ್ತದೆ, ಒಮ್ಮೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಇವೆರಡನ್ನೂ ಬೇರೆ ಬೇರೆ ಕಾಯಿಲೆಗಳೆಂದು ಭಾವಿಸಿ ರೇಡಿಯೇಟರನ್ನೂ ಸ್ಟಾರ್ಟರನ್ನೂ ಕೊಂಡು ತರುವವರಿಗೆ ನಾನು ಹೇಳುವುದಿಷ್ಟು: ಹಣ ಖರ್ಚು ಮಾಡುವ ಮೊದಲು ವೋಲ್ಟೇಜ್ ಅಳೆಯಿರಿ.

ಹಾಗೆ ಬಂದ 1969ರ ಡಾಡ್ಜ್ ಚಾರ್ಜರ್ ಒಂದರಲ್ಲಿ 440 ಘನ ಅಂಗುಲದ, ಅಂದರೆ 7.2 ಲೀಟರಿನ ಎಂಜಿನ್ ಇತ್ತು. ತಾಪಮಾನದ ಮುಳ್ಳು ತುದಿ ಮುಟ್ಟಿತ್ತು. ಆದರೆ ಟ್ಯಾಂಕ್ ಅರ್ಧ ಖಾಲಿಯಿದ್ದರೂ ಪೆಟ್ರೋಲಿನ ಮುಳ್ಳೂ ತುದಿಯಲ್ಲೇ ನಿಂತಿತ್ತು. ಈ ಎರಡೂ ಮೀಟರುಗಳಿಗೆ ಸರಾಸರಿ 5 ವೋಲ್ಟ್ ಒದಗಿಸುವ ಒಂದೇ ಲಿಮಿಟರ್, ಅಂದರೆ ವೋಲ್ಟೇಜ್ ತಗ್ಗಿಸುವ ಸಾಧನ, ಇರುತ್ತದೆ. ಅದರ ಅರ್ಥಿಂಗ್ ಸಡಿಲವಾದರೆ ಬ್ಯಾಟರಿಯ ಪೂರ್ಣ ವೋಲ್ಟೇಜ್ ಹರಿದು ಎರಡೂ ಒಟ್ಟಿಗೆ ಸುಳ್ಳು ಹೇಳುತ್ತವೆ. ಎಂಜಿನ್ನಿನಿಂದ ಬಿಸಿನೀರು ಹೊರಬರುವ ಥರ್ಮೋಸ್ಟ್ಯಾಟ್ ಹೌಸಿಂಗಿನ ಬಣ್ಣ ಬಳಿದ ಭಾಗಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ 88 ಡಿಗ್ರಿ ಸೆಲ್ಸಿಯಸ್ ತೋರಿಸಿತು. (ಹೊಳೆಯುವ ಬರಿ ಲೋಹಕ್ಕೆ ಹಿಡಿದರೆ ಅದು ಕಡಿಮೆ ತೋರಿಸುತ್ತದೆ.) ಎಂಜಿನ್ ಆರೋಗ್ಯವಾಗಿಯೇ ಇತ್ತು. ತಾಪಮಾನದ ಮುಳ್ಳೊಂದೇ ಏರಿದ್ದರೆ ಮಾತು ಬೇರೆ: ನಿಂತಾಗ ಮಾತ್ರ ಕಾದರೆ ಫ್ಯಾನನ್ನು ತಿರುಗಿಸುವ ಕ್ಲಚ್, ಅದರ ಸುತ್ತಲಿನ ಗಾಳಿ ಕವಚ (ಶ್ರೌಡ್), ಕಿಡಿ ಹಾರುವ ಸಮಯ (ಇಗ್ನಿಷನ್ ಟೈಮಿಂಗ್) ನೋಡಬೇಕು, ಹೆದ್ದಾರಿಯ ವೇಗದಲ್ಲಿ ಕಾದರೆ ರೇಡಿಯೇಟರನ್ನು ಶಂಕಿಸಬೇಕು.

ನಿಜವಾಗಿ ಕಾದದ್ದು ಬೇರೆಡೆ. ಆ ಕಾಲದ ಈ ಕಾರುಗಳಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ಕರೆಂಟು ಬಲ್ಕ್‌ಹೆಡ್ ಕನೆಕ್ಟರಿನ (ಎಂಜಿನ್ ಕೋಣೆಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆಯ ತಂತಿ ಜೋಡಣೆ) ಮೂಲಕ ಒಳಬಂದು, ಡ್ಯಾಶ್‌ಬೋರ್ಡಿನಲ್ಲಿ ಕರೆಂಟು ಅಳೆಯುವ ಆಮ್ಮೀಟರನ್ನು ದಾಟಿ, ಮತ್ತೆ ಅದೇ ಕನೆಕ್ಟರಿನಿಂದ ಹೊರಹೋಗುತ್ತದೆ. ಹೊಸದಾಗಿದ್ದಾಗ ಆ ವ್ಯವಸ್ಥೆ ತನ್ನ ಹೊರೆಗೆ ಸಾಕಾಗಿತ್ತು. ಐವತ್ತಕ್ಕೂ ಹೆಚ್ಚು ವರ್ಷ ತೇವ ಕುಡಿದ ಟರ್ಮಿನಲ್ಲಿನಲ್ಲಿ ಬರೀ 0.1 ಓಮ್ ರೋಧ ಕೂಡಿಕೊಂಡರೂ 30 ಆಂಪಿಯರ್ ಹರಿಯುವಾಗ ಅಲ್ಲಿ 3 ವೋಲ್ಟ್ ನಷ್ಟವಾಗಿ 90 ವ್ಯಾಟ್ ಶಾಖ ಹುಟ್ಟುತ್ತದೆ. ಅದು ನನ್ನ ಮೇಜಿನ ಮೇಲಿರುವ 60 ವ್ಯಾಟಿನ ಬೆಸುಗೆ ಕಡ್ಡಿಗಿಂತ ಹೆಚ್ಚು. ಶಾಖದಿಂದ ಲೋಹ ಇನ್ನಷ್ಟು ಕಿಲುಬು ಹಿಡಿಯುತ್ತದೆ, ರೋಧ ಮತ್ತೆ ಏರುತ್ತದೆ. ಕನೆಕ್ಟರನ್ನು ಕಳಚಿ ನೋಡಿದರೆ ದಪ್ಪ ತಂತಿಯ ಸುತ್ತಲಿನ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿ, ಒಂದು ಮೂಲೆ ಮೇಣದಂತೆ ಜಾರಿತ್ತು.

ಇದನ್ನು ಓಮ್ ಮಾಪನದಿಂದ ಹಿಡಿಯಲು ಹೋಗಬೇಡಿ, ಕರೆಂಟು ಹರಿಯದಿದ್ದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್, ಬ್ಲೋವರ್ ಎಲ್ಲವನ್ನೂ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಔಟ್‌ಪುಟ್ ಸ್ಟಡ್ಡಿಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್‌ಗೂ ಮುಟ್ಟಿಸಿ. ಈ ಕಾರಿನಲ್ಲಿ 1.9 ವೋಲ್ಟ್ ಬಂತು, ಅಂದರೆ ದಾರಿಯಲ್ಲೇ ಅಷ್ಟು ನಷ್ಟ. ಬ್ಯಾಟರಿಗೆ ಎಂದೂ ಹೊಟ್ಟೆ ತುಂಬುತ್ತಿರಲಿಲ್ಲ. ಎಗ್ಸಾಸ್ಟ್ ಪಕ್ಕದಲ್ಲೇ ಬೇಯುವ ಸ್ಟಾರ್ಟರಿನ ತಾಮ್ರದ ರೋಧವಾದರೋ ತಾಪಮಾನ 100 ಡಿಗ್ರಿ ಏರಿದರೆ ಸುಮಾರು ಶೇ. 40ರಷ್ಟು ಹೆಚ್ಚುತ್ತದೆ. ಅರೆಹೊಟ್ಟೆಯ ಬ್ಯಾಟರಿ ಬೆಳಗಿನ ತಂಪಿನಲ್ಲಿ ಹೇಗೋ ತಿರುಗಿಸಿದ ಸ್ಟಾರ್ಟರನ್ನು ಮಧ್ಯಾಹ್ನ ತಿರುಗಿಸಲಾರದು.

ಹಿಂದಿನ ಯಾರೋ ಜೋಡಿಸಿದ್ದ ಎಲೆಕ್ಟ್ರಿಕ್ ಫ್ಯಾನ್ ಬ್ಯಾಟರಿಯಿಂದ ಕರೆಂಟು ಪಡೆಯುತ್ತಿತ್ತು. ಸಾಮಾನ್ಯ ಕಾರಿನಲ್ಲಿ ಅದು ತಪ್ಪಲ್ಲ. ಆಮ್ಮೀಟರ್ ಇರುವ ಈ ಕಾರಿನಲ್ಲಿ ಮಾತ್ರ ಆಲ್ಟರ್ನೇಟರಿನಿಂದ ಬರುವ ಫ್ಯಾನಿನ ಅಷ್ಟೂ ಕರೆಂಟು ಬ್ಯಾಟರಿ ತಲುಪಲು ಅದೇ ಕನೆಕ್ಟರನ್ನು ಎರಡು ಸಲ ದಾಟಬೇಕಾಗುತ್ತದೆ. ಅದನ್ನು ಫ್ಯೂಸ್ ಮತ್ತು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಹಾಕಿ ಆಲ್ಟರ್ನೇಟರಿನ ಸ್ಟಡ್ಡಿಗೆ ಬದಲಿಸಿದೆ. ಟರ್ಮಿನಲ್ಲುಗಳನ್ನೂ ಸುಟ್ಟ ಹೌಸಿಂಗನ್ನೂ ಹೊಸದಾಗಿಸಿ, ಲಿಮಿಟರಿಗೆ ಪ್ರತ್ಯೇಕ ಅರ್ಥಿಂಗ್ ತಂತಿ ಎಳೆದೆ. ನಷ್ಟ 0.3 ವೋಲ್ಟಿಗೆ ಇಳಿಯಿತು. ಕೊಂಡು ತಂದಿದ್ದ ರೇಡಿಯೇಟರ್ ಪೆಟ್ಟಿಗೆಯಲ್ಲೇ ಉಳಿಯಿತು. ಅರ್ಧ ಗಂಟೆ ಎಲ್ಲ ದೀಪಗಳನ್ನೂ ಉರಿಸಿ ಎಂಜಿನ್ ಓಡಿಸಿದ ಮೇಲೆ ಕನೆಕ್ಟರಿನ ಮೇಲೆ ಬೆರಳಿಟ್ಟೆ, ಉಗುರುಬೆಚ್ಚಗಿತ್ತು.